ನಿಮ್ಮ ಊರಿನ ಯುಜಿಡಿ ಕೊನೆಗೆ ಎಲ್ಲಿ ಸೇರುತ್ತದೆ?

ನಮ್ಮ ಬೀದಿಯ ತಿರುವಿನ ಮ್ಯಾನ್‌ಹೋಲ್ ಒಂದೇ ಮಳೆಗಾಲದಲ್ಲಿ ಮೂರು ಸಲ ಉಕ್ಕಿತು. ಮೂರನೇ ಸಲ ಜೆಟ್ಟಿಂಗ್ ಗಾಡಿ ಬಂತು. ಕೊಕ್ಕೆ ಹಾಕಿ ಎಳೆದಾಗ ಹೊರಬಂದದ್ದು ತೊಡೆ ಗಾತ್ರದ ಬಿಳಿ ಮುದ್ದೆ, ಬಟ್ಟೆ ಸೋಪಿನಷ್ಟು ಗಟ್ಟಿ. ಪಕ್ಕದ ದರ್ಶಿನಿಯ ಅಡುಗೆಮನೆಯಿಂದ ದಿನವೂ ಹರಿದ ಎಣ್ಣೆ ಪೈಪಿನೊಳಗೆ ತಣ್ಣಗಾಗಿ ಹೆಪ್ಪುಗಟ್ಟಿತ್ತು. ಅದರ ಮೈಗೆ ಮೆತ್ತಿಕೊಂಡಿದ್ದ ಡಯಾಪರು, ತಲೆಗೂದಲು, ಶಾಂಪೂ ಸ್ಯಾಷೆಗಳು ಮಾತ್ರ ನಮ್ಮಗಳ ಮನೆಯವೇ. ದರ್ಶಿನಿಯವರನ್ನು ಕೇಳಿದರೆ, “ತಿಂಗಳಾ ತಿಂಗಳಾ ಸ್ಯಾನಿಟರಿ ಚಾರ್ಜ್ ಕಟ್ತೀವಲ್ಲ ಸಾರ್” ಎಂದರು.

ದುಡ್ಡು ಕಟ್ಟಿದವರು ಏನನ್ನಾದರೂ ಬಿಡಬಹುದು ಎಂಬ ಈ ನಂಬಿಕೆ ದರ್ಶಿನಿಯವರದ್ದಷ್ಟೇ ಅಲ್ಲ. ಕಾನೂನು ಹಾಗೆ ಹೇಳುವುದಿಲ್ಲ. 1974ರ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಕಾಯ್ದೆಯ 24ನೇ ಕಲಂ ವಿಷಕಾರಿ, ಮಲಿನಕಾರಿ ವಸ್ತುವನ್ನು ಹೊಳೆಗೆ, ಬಾವಿಗೆ ಬಿಡಕೂಡದು ಎನ್ನುವಲ್ಲೇ ಒಳಚರಂಡಿಯನ್ನೂ ಸೇರಿಸುತ್ತದೆ. ಇದು ಗೊತ್ತಿದ್ದೂ ಬಿಡುವವರಿಗೆ, ಬಿಡಗೊಡುವವರಿಗೆ ಇಬ್ಬರಿಗೂ ಅನ್ವಯ. ಅಂದರೆ ಕಟ್ಟಡದ ಮಾಲೀಕರು “ಅದು ಬಾಡಿಗೆದಾರರ ಕೆಲಸ” ಎಂದು ಕೈತೊಳೆದುಕೊಳ್ಳುವುದು ಸುಲಭವಲ್ಲ. ಆ ಕಾಯ್ದೆಯ ಪ್ರಕಾರ ಕೊಳಚೆಯನ್ನೋ ಕಾರ್ಖಾನೆಯ ನೀರನ್ನೋ ಒಯ್ಯುವ ಯಾವ ಕಾಲುವೆಯೂ ಒಳಚರಂಡಿಯೇ. ಮೇಲೆ ಚಪ್ಪಡಿ ಇರಲಿ, ಇಲ್ಲದಿರಲಿ.

ಮನೆಯ ಬಚ್ಚಲು, ಪಾಯಿಖಾನೆ, ಅಡುಗೆಮನೆಯ ನೀರು ಯುಜಿಡಿಗೆ, ಅಂದರೆ ಒಳಚರಂಡಿಗೆ, ಹೋಗಲೆಂದೇ ಆ ಪೈಪನ್ನು ಹೂತಿರುವುದು. ಅದಕ್ಕೆ ಒಳಚರಂಡಿ ಸಂಸ್ಥೆಯ ಸಂಪರ್ಕ ಸಾಕು, ಬೇರೆ ಪರವಾನಗಿ ಬೇಡ. ಉದ್ಯಮ ಅಥವಾ ಯಾವುದೇ ಬಗೆಯ ಸಂಸ್ಕರಣೆ ನಡೆಯುವ ಜಾಗದ ನೀರಿನ ದಾರಿ ಬೇರೆ. ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡು, ಬಣ್ಣದ ಕಾರ್ಖಾನೆ, ಸರ್ವಿಸ್ ಸ್ಟೇಷನ್, ಸ್ವಂತ ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ಇಟ್ಟುಕೊಂಡ ಅಪಾರ್ಟ್‌ಮೆಂಟ್ ಇಂಥವು ಜಲ ಕಾಯ್ದೆಯ 25ನೇ ಕಲಮಿನ ಅಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯಬೇಕು. ಆಸ್ಪತ್ರೆ, ಲ್ಯಾಬುಗಳ ರಾಸಾಯನಿಕ ದ್ರವವನ್ನು ಉಳಿದ ಕೊಳಚೆಗೆ ಬೆರೆಸುವ ಮೊದಲೇ ಸಂಸ್ಕರಿಸಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುತ್ತವೆ. ಘನತ್ಯಾಜ್ಯ ನಿಯಮಗಳು ಕಸವನ್ನು ಮೋರಿಗೆ ಎಸೆಯುವುದನ್ನೇ ನಿಷೇಧಿಸಿವೆ. ತಾರಸಿಯ ಮಳೆನೀರನ್ನು ಯುಜಿಡಿಗೆ ತಿರುಗಿಸುವುದೂ ತಪ್ಪು. ಮನೆಕೊಳಚೆಯ ಲೆಕ್ಕದಲ್ಲಿ ಹಾಕಿದ ಪೈಪಿಗೆ ಒಂದು ಜೋರು ಮಳೆ ತುಂಬಿದರೆ ಅದು ತಗ್ಗಿನ ಮನೆಯವರ ಕಮೋಡಿನಲ್ಲಿ ಏಳುತ್ತದೆ.

ಇನ್ನು ಎಷ್ಟು ಬಿಡಬಹುದು ಎಂಬುದು. ಪರಿಸರ (ಸಂರಕ್ಷಣೆ) ನಿಯಮಗಳು, 1986ರ 6ನೇ ಅನುಸೂಚಿಯಲ್ಲಿ ಒಂದು ಕೋಷ್ಟಕವಿದೆ. ಅದರಲ್ಲಿ ಹೊಳೆ-ಕೆರೆಗೆ ಒಂದು ಕಾಲಂ, ಸಾರ್ವಜನಿಕ ಒಳಚರಂಡಿಗೆ ಇನ್ನೊಂದು. ಒಳಚರಂಡಿಗೆ ಬಿಡುವ ನೀರಿನಲ್ಲಿ ಎಣ್ಣೆ-ಜಿಡ್ಡು ಲೀಟರಿಗೆ 20 ಮಿಲಿಗ್ರಾಂ ಮೀರಬಾರದು. ಸಾವಿರ ಲೀಟರಿನ ಒಂದು ಸಿಂಟೆಕ್ಸ್ ತುಂಬ ನೀರಿಗೆ 20 ಗ್ರಾಂ, ಒಂದು ಒಗ್ಗರಣೆಗೆ ಹಾಕುವಷ್ಟು ಎಣ್ಣೆ! ಬೋಂಡಾ ಕರಿದ ಬಾಣಲೆಯನ್ನು ಸಿಂಕಿನಲ್ಲಿ ಬಗ್ಗಿಸಿದರೆ ಆ ಮಿತಿ ಎಲ್ಲಿ ಉಳಿಯಿತು? ಹೋಟೆಲಿನ ಸಿಂಕಿಗೂ ಚೇಂಬರಿಗೂ ನಡುವೆ ಗ್ರೀಸ್ ಟ್ರ್ಯಾಪ್ ಇರಬೇಕು, ಮೇಲೆ ತೇಲುವ ಜಿಡ್ಡನ್ನು ಆಗಾಗ ತೆಗೆಯಬೇಕು ಎನ್ನುವುದು ಇದಕ್ಕೇ. ತೆಗೆಯದಿದ್ದರೆ ಅದು ಹೆಸರಿಗಷ್ಟೇ ಟ್ರ್ಯಾಪ್.

ಆ ಕೋಷ್ಟಕದಲ್ಲಿ ಆಮ್ಲತೆ ಅಳೆಯುವ ಪಿಎಚ್ 5.5ರಿಂದ 9ರೊಳಗೆ ಇರಬೇಕು ಎಂದಿದೆ. ಇದನ್ನು ಓದಿ ಬಹಳ ಜನ ಪುಟ ತಿರುವಿಬಿಡುತ್ತಾರೆ. ಆ 5.5ರ ಹಿಂದೆ ಮನುಷ್ಯರ ಪ್ರಾಣದ ಪ್ರಶ್ನೆ ಇದೆ. ಗಾಳಿಯಾಡದ ಕೊಳಚೆಯಲ್ಲಿ ಹುಟ್ಟುವ ಸಲ್ಫೈಡಿಗೆ ಆಮ್ಲ ಸೇರಿದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಮೇಲೇಳುತ್ತದೆ. ಅದು ಗಾಳಿಗಿಂತ ಭಾರ, ಗುಂಡಿಯಲ್ಲೇ ನಿಲ್ಲುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಏರಿದರೆ ಮೂಗಿಗೆ ಆ ವಾಸನೆಯೂ ತಿಳಿಯುವುದಿಲ್ಲ. ಪ್ಲೇಟಿಂಗ್ ಶೆಡ್ಡಿನ ಸಯನೈಡ್ ನೀರಿಗೆ ಇನ್ನೊಂದು ಶೆಡ್ಡಿನ ಆಮ್ಲ ಅದೇ ಪೈಪಿನಲ್ಲಿ ಕೂಡಿಕೊಂಡರೆ ಏನಾಗುತ್ತದೆ ಎಂದು ರಸಾಯನಶಾಸ್ತ್ರದ ಮೇಷ್ಟ್ರನ್ನು ಕೇಳಿ. ಗುಂಡಿಗೆ ಇಳಿದವರಿಗೆ ಮೇಲೆ ಯಾರು ಏನು ಸುರಿದರು ಎಂದು ಗೊತ್ತಾಗುವ ಬಗೆಯಿಲ್ಲ.

ಅವರನ್ನು ಇಳಿಸುವುದೇ ಅಪರಾಧ. ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಒಳಚರಂಡಿಗಾಗಲಿ ಸೆಪ್ಟಿಕ್ ಟ್ಯಾಂಕಿಗಾಗಲಿ ಇಳಿಸಿ ಅಪಾಯಕಾರಿ ಶುಚಿ ಮಾಡಿಸಬಾರದೆಂದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ 7ನೇ ಕಲಂ ಹೇಳುತ್ತದೆ. ಮೊದಲ ಸಲಕ್ಕೆ 2 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಅದು ಜಾಮೀನಿಲ್ಲದ ಅಪರಾಧ, ಮತ್ತು ನಗರಸಭೆಗಷ್ಟೇ ಸೀಮಿತವಾದುದಲ್ಲ. “ಐನೂರು ಕೊಡ್ತೀನಿ, ಇಳಿದು ನೋಡಿಬಿಡಪ್ಪ” ಎನ್ನುವ ಮನೆ ಯಜಮಾನರೂ ಇದರೊಳಗೇ ಬರುತ್ತಾರೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಆ ಕೋಷ್ಟಕದಲ್ಲಿ ಕೊಳಚೆಯ ಹೊರೆ ಅಳೆಯುವ ಬಿಒಡಿ ಹೊಳೆಗಾದರೆ ಲೀಟರಿಗೆ 30 ಮಿಲಿಗ್ರಾಂ, ಒಳಚರಂಡಿಗಾದರೆ 350. ತೇಲುವ ಕಶ್ಮಲ ಹೊಳೆಗೆ 100, ಒಳಚರಂಡಿಗೆ 600. ಸೀಸ 0.1ರ ಜಾಗದಲ್ಲಿ 1.0. ಇಷ್ಟೊಂದು ಸಡಿಲ ಯಾಕೆ? ಪೈಪಿನ ಆಚೆ ತುದಿಯಲ್ಲಿ ಶುದ್ಧೀಕರಣ ಘಟಕ ಇದೆ, ಉಳಿದ ಕೆಲಸ ಅದು ಮಾಡುತ್ತದೆ ಎಂಬ ಭರವಸೆಯಿಂದ. ಹಾಗಾಗಿ ಕೋಷ್ಟಕದ ಕೆಳಗೆ ಒಂದು ಅಡಿಟಿಪ್ಪಣಿ ಹಾಕಿದ್ದಾರೆ: ಆ ಚರಂಡಿ ಜೈವಿಕ ವಿಧಾನ ಸೇರಿದ ಎರಡನೇ ಹಂತದ ಶುದ್ಧೀಕರಣಕ್ಕೆ ಹೋಗುತ್ತಿದ್ದರೆ ಮಾತ್ರ ಈ ಸಡಿಲ ಮಿತಿ; ಇಲ್ಲವಾದರೆ ಚರಂಡಿಗೆ ಬಿಟ್ಟದ್ದೂ ಹೊಳೆಗೆ ಬಿಟ್ಟ ಹಾಗೆಯೇ ಲೆಕ್ಕ.

ನಿಮ್ಮ ಊರಿನ ಯುಜಿಡಿ ಪೈಪು ನೆಟ್ಟಗೆ ಕೆರೆಗೋ ಹಳ್ಳಕ್ಕೋ ಬಾಯಿ ತೆರೆದಿದ್ದರೆ, “ನಾವು ಒಳಚರಂಡಿ ಮಿತಿಯಲ್ಲೇ ಇದ್ದೀವಿ” ಎಂಬ ಕಾರ್ಖಾನೆಯ ಸಮಜಾಯಿಷಿ ನಿಲ್ಲುವುದಿಲ್ಲ. ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದ ಸುದ್ದಿ ನೋಡಿ ದೇಶವೇ ಬೆರಗಾಯಿತು. ಶುದ್ಧವಾಗದ ಕೊಳಚೆ ವರ್ಷಗಟ್ಟಲೆ ಒಂದೇ ಕೆರೆಗೆ ಇಳಿದರೆ ಆಗುವುದು ಅದೇ.

ದೂರು ಎಲ್ಲಿ ಕೊಡಬೇಕು? ಉಕ್ಕುವ ಮ್ಯಾನ್‌ಹೋಲಿಗೆ ಬೆಂಗಳೂರಿನಲ್ಲಿ ಜಲಮಂಡಳಿಯ 1916. ಬೇರೆ ಊರುಗಳಲ್ಲಿ ನಗರಸಭೆ, ಪುರಸಭೆ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕಾರ್ಖಾನೆಯ ನೀರಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಇಲ್ಲಿ ನಾನೇ ಎಡವಿದ್ದೇನೆ. ಒಂದು ಸಲ ಕಪ್ಪು ನೀರನ್ನು ಬಿಸ್ಲೇರಿ ಬಾಟಲಿಯಲ್ಲಿ ತುಂಬಿಕೊಂಡು ಕಚೇರಿಯೊಂದಕ್ಕೆ ಹೋಗಿದ್ದೆ. ಮೇಜಿನ ಆಚೆಯವರು ನಕ್ಕು, ಇದು ಸಾಕ್ಷ್ಯವಾಗದು ಎಂದರು. ಸಿಟ್ಟು ಬಂತು, ಆದರೆ ಅವರು ಹೇಳಿದ್ದು ಸರಿ. ಜಲ ಕಾಯ್ದೆಯ 21ನೇ ಕಲಮಿನ ಪ್ರಕಾರ ಮಂಡಳಿ ಅಥವಾ ಅದು ಅಧಿಕಾರ ಕೊಟ್ಟ ಅಧಿಕಾರಿ ಕ್ರಮಬದ್ಧವಾಗಿ ತೆಗೆದು ಸೀಲ್ ಮಾಡಿದ ಮಾದರಿಯೇ ಸಾಕ್ಷ್ಯ. ನೀವು ಫೋಟೊ, ದಿನಾಂಕ, ಯಾವ ಹೊತ್ತಿಗೆ ಬಿಡುತ್ತಾರೆ ಎಂಬ ಟಿಪ್ಪಣಿ ಕೊಡಿ. ಮಾದರಿ ತೆಗೆಯಿರಿ ಎಂದು ಲಿಖಿತವಾಗಿ ಒತ್ತಾಯಿಸಿ. ಮಂಡಳಿ ಕದಲದಿದ್ದರೆ 49ನೇ ಕಲಮಿನಂತೆ 60 ದಿನದ ನೋಟಿಸು ಕೊಟ್ಟು ನೀವೇ ನ್ಯಾಯಾಲಯದಲ್ಲಿ ದೂರು ಹೂಡಬಹುದು. ಪರಿಹಾರ ಬೇಕಿದ್ದರೆ ಚೆನ್ನೈನ ಹಸಿರು ನ್ಯಾಯಮಂಡಳಿ ಪೀಠದ ಬಾಗಿಲೂ ತೆರೆದಿದೆ.

ಇವೆಲ್ಲಕ್ಕಿಂತ ಹತ್ತಿರದ ದಾರಿ ಎಸಿ (ಉಪವಿಭಾಗಾಧಿಕಾರಿ) ಕಚೇರಿಯಲ್ಲಿದೆ, ಜನ ಅದನ್ನು ಮರೆತಿದ್ದಾರೆ. ಮಧ್ಯಪ್ರದೇಶದ ರತ್ಲಾಮಿನ ಒಂದು ವಾರ್ಡಿನವರು ತೆರೆದ ಮೋರಿ ಮತ್ತು ಆಲ್ಕೊಹಾಲ್ ಕಾರ್ಖಾನೆಯ ನಾರುವ ನೀರು ತಾಳಲಾರದೆ ದಂಡಾಧಿಕಾರಿಯ ಮೊರೆ ಹೋದರು. ನಗರಸಭೆ “ದುಡ್ಡಿಲ್ಲ” ಎಂದು ಸುಪ್ರೀಂ ಕೋರ್ಟಿನವರೆಗೂ ವಾದಿಸಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನೆಪವನ್ನು ತಳ್ಳಿಹಾಕಿ, ಕೆಲಸ ಮಾಡಿ ಮುಗಿಸಲು ಗಡುವು ಕೊಟ್ಟರು. ವಾರ್ಡಿನವರು ದಂಡಾಧಿಕಾರಿಯ ಮೊರೆ ಹೋದದ್ದು ಸಾರ್ವಜನಿಕ ಉಪದ್ರವ ತೆಗೆಸುವ ಅಂದಿನ ಸಿಆರ್‌ಪಿಸಿ 133ನೇ ಕಲಮಿನ ಅಡಿ; ಅದೇ ಇಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ. ಬೀದಿಯ ನಾಲ್ಕು ಜನ ಸಹಿ ಹಾಕಿ ಉಪವಿಭಾಗ ದಂಡಾಧಿಕಾರಿಗೆ ಅರ್ಜಿ ಕೊಡಬಹುದು.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಮಾಹಿತಿ ಹಕ್ಕು ಅರ್ಜಿ ಬರೆಯಿರಿ. ನಮ್ಮ ರಾಜ್ಯದಲ್ಲಿ ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರುವಂತಿಲ್ಲ. ಇಷ್ಟು ಸಾಕು: “ನಮ್ಮ ವಾರ್ಡಿನ ಒಳಚರಂಡಿ ಯಾವ ಶುದ್ಧೀಕರಣ ಘಟಕಕ್ಕೆ ಸೇರುತ್ತದೆ? ಅಲ್ಲಿ ಎರಡನೇ ಹಂತದ ಜೈವಿಕ ಶುದ್ಧೀಕರಣ ನಡೆಯುತ್ತಿದೆಯೇ? ಕಳೆದ 12 ತಿಂಗಳ ಬಿಒಡಿ ಪರೀಕ್ಷಾ ವರದಿಗಳ ಪ್ರತಿ ಕೊಡಿ.” 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ. 30 ದಿನದೊಳಗೆ ಉತ್ತರ ಕೊಡಬೇಕಾದದ್ದು ಅವರ ಕರ್ತವ್ಯ.