ಬತ್ತೇರಿಯಲ್ಲಿ ಇಳಿದು ನೋಡಿ

ಮೈಸೂರಿನಿಂದ ವಯನಾಡಿಗೆ ಹೊರಟವರು ಸುಲ್ತಾನ್ ಬತ್ತೇರಿಯಲ್ಲಿ ಚಹಾ ಕುಡಿದು ಮುಂದೆ ಹೋಗಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪೇಟೆಯಲ್ಲೇ ಇರುವ ಜೈನ ಬಸದಿಯನ್ನು ಸ್ಥಳೀಯ ಗೈಡ್ ಜೊತೆ ನಿಧಾನವಾಗಿ ನೋಡಿ. ವಿಜಯನಗರ ಶೈಲಿಯ ಕಲ್ಲುಕಂಬಗಳು, ಅವುಗಳ ಮೈಮೇಲೆ ಸಣ್ಣ ಸಣ್ಣ ಕೆತ್ತನೆ; ಕೈಯಳತೆಯಲ್ಲಿ ನಿಂತರೇ ಕಾಣುವಂಥವು. ಕನ್ನಡ ನಾಡಿನಿಂದ ಹೋದ ಜೈನರು ಬಾಳಿದ ಊರಿದು. ಟಿಪ್ಪುವಿನ ಕಾಲದಲ್ಲಿ ಇದೇ ಬಸದಿ ಮದ್ದುಗುಂಡಿನ ಉಗ್ರಾಣವಾಯಿತು. ಬಸದಿಯ ನಂತರ ಎಡಕಲ್ ಗುಹೆಗೂ ಹೋಗುವುದಾದರೆ, ಅಲ್ಲಿ ಹತ್ತುವುದು ಬಹಳ. ಮಂಡಿನೋವಿನ ಹಿರಿಯರನ್ನು ಒತ್ತಾಯಿಸಬೇಡಿ. ಮಧ್ಯಾಹ್ನದ ಮೇಲೆ ವೈತಿರಿ ಬಳಿಯ ಪೂಕೋಡ್ ಕೆರೆ. ದೋಣಿಗೆ ಸರದಿ ಉದ್ದವಿದ್ದರೆ ಬೇಸರ ಬೇಡ, ಮರದ ನೆರಳಲ್ಲಿ ಕೆರೆಯ ಸುತ್ತ ನಡೆಯುವುದೇ ನನಗಂತೂ ಹೆಚ್ಚು ಇಷ್ಟ. ಮೈಸೂರಿಗೆ ಮರಳುವ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಸಂಜೆ 5ಕ್ಕೆಲ್ಲ ಕೆರೆಯಿಂದ ಹೊರಟುಬಿಡಿ.