ಕುಣಿಗಲ್ಲಿನ ಲಾಯವೂ ಸಿಲ್ವರ್‌ಸ್ಟೋನಿನ ಕಾರ್ಖಾನೆಯೂ: ರೇಸಿನ ಇತಿಹಾಸ ಮತ್ತು ಅರ್ಥವ್ಯವಸ್ಥೆ

ತುಮಕೂರು ಜಿಲ್ಲೆಯ ಕುಣಿಗಲ್ ಪಟ್ಟಣಕ್ಕೆ ಎರಡು ಕಾರಣಗಳಿಂದ ಹೆಸರು ಬಂದಿದೆ. ಒಂದು, ಜನಪದರ ಬಾಯಲ್ಲಿ ಹಾಡಾಗಿ ಉಳಿದಿರುವ ಅದರ ಕೆರೆ. ಮತ್ತೊಂದು, ಪಟ್ಟಣಕ್ಕೆ ಹೊಂದಿಕೊಂಡಂತೆ 400 ಎಕರೆಗೂ ಮಿಕ್ಕಿ ಹರಡಿರುವ ಕುದುರೆ ಫಾರಂ. ಕೆರೆಯ ನೀರು ಯಾರ ಗದ್ದೆಗೆ ಹರಿಯುತ್ತದೆಂಬುದನ್ನು ಸುತ್ತಲಿನ ರೈತರೆಲ್ಲ ಬಲ್ಲರು. ಆದರೆ ಫಾರಂನಲ್ಲಿ ಬೆಳೆದ ಕುದುರೆಯ ಹಿಂದೆ ಹರಿಯುವ ಹಣದ ಮೂಲವಾವುದು, ಅದು ಸೇರುವುದೆಲ್ಲಿಗೆ ಎಂಬುದನ್ನು ಬಲ್ಲವರು ವಿರಳ. ಈ ಫಾರಂ ಅನ್ನು ಗುತ್ತಿಗೆಗೆ ಪಡೆದ ಉದ್ಯಮ ಸಮೂಹದ ಮುಖ್ಯಸ್ಥರೇ ಮುಂದೆ ಫಾರ್ಮುಲಾ ಒನ್ ಮೋಟಾರು ರೇಸಿನ ತಂಡವೊಂದಕ್ಕೂ ಒಡೆಯರಾದುದರಿಂದ, ಕುಣಿಗಲ್ಲಿನ ಲಾಯಕ್ಕೂ ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನ ಕಾರ್ಖಾನೆಗೂ ಕೆಲವು ಕಾಲ ನಂಟು ಬೆಳೆಯಿತು. ಇವೆರಡನ್ನೂ ಜೊತೆಯಲ್ಲಿಟ್ಟು ಪರಿಶೀಲಿಸಿದರೆ ರೇಸಿನ ಅರ್ಥವ್ಯವಸ್ಥೆ ತಿಳಿಯುವುದಷ್ಟೇ ಅಲ್ಲ, ಪೋಷಕನಿಗೂ ಅವನು ಪೋಷಿಸಿದ ಸಂಸ್ಥೆಗೂ ಇರುವ ಸಂಬಂಧದ ಸ್ವರೂಪವೂ ಸ್ಪಷ್ಟವಾಗುತ್ತದೆ.

ಲಾಯದ ಕಥೆ

ಕುಣಿಗಲ್ ಫಾರಂನ ಮೂಲವನ್ನು ಟಿಪ್ಪು ಸುಲ್ತಾನನ ಕಾಲಕ್ಕೆ ಒಯ್ಯಲಾಗುತ್ತದೆ. ಅಶ್ವದಳವೇ ಸೈನ್ಯದ ಬಲವಾಗಿದ್ದ ಆ ದಿನಗಳಲ್ಲಿ ಇಲ್ಲಿ ಬೆಳೆದ ಕುದುರೆಗಳು ಯುದ್ಧಕ್ಕೆ ಹೋಗುತ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ನಂತರವೂ ಲಾಯ ಬರಿದಾಗಲಿಲ್ಲ. ಬ್ರಿಟಿಷರ ಸೇನೆಗೂ ಕುದುರೆಗಳು ಬೇಕಾಗಿದ್ದವು. ಕಾಲಕ್ರಮದಲ್ಲಿ ಫಾರಂ ಮೈಸೂರು ಸರ್ಕಾರದ ಆಡಳಿತಕ್ಕೆ ಬಂದಿತು. ಯುದ್ಧರಂಗದಲ್ಲಿ ಕುದುರೆಯ ಸ್ಥಾನವನ್ನು ಯಂತ್ರವು ಕಿತ್ತುಕೊಂಡ ಮೇಲೆ ರೇಸಿನ ಕುದುರೆಯೇ ಫಾರಂನ ಮುಖ್ಯ ಫಸಲಾಯಿತು. 1992ರಲ್ಲಿ ವಿಜಯ್ ಮಲ್ಯ ಅವರ ಸಮೂಹಕ್ಕೆ ಸೇರಿದ ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಸಂಸ್ಥೆಯು ಇದನ್ನು 30 ವರ್ಷಗಳ ಗುತ್ತಿಗೆಗೆ ಪಡೆಯಿತು.

ರೇಸಿನ ಕುದುರೆಯನ್ನು ಬೆಳೆಸುವುದು ತಾಳ್ಮೆಯ ವ್ಯವಸಾಯ. ಥರೋಬ್ರೆಡ್ ತಳಿಯ ಪ್ರತಿಯೊಂದು ಕುದುರೆಯ ಗಂಡು ವಂಶಾವಳಿಯೂ 17 ಮತ್ತು 18ನೆಯ ಶತಮಾನಗಳ ಸಂಧಿಕಾಲದಲ್ಲಿ ಪೂರ್ವದೇಶಗಳಿಂದ ಇಂಗ್ಲೆಂಡಿಗೆ ಹೋದ ಮೂರು ಗಂಡು ಕುದುರೆಗಳಲ್ಲಿ ಒಂದಕ್ಕೆ ಹೋಗಿ ಸೇರುತ್ತದೆ. 1791ರಿಂದ ಈ ವಂಶಾವಳಿಗಳನ್ನು ಪುಸ್ತಕರೂಪದಲ್ಲಿ ದಾಖಲಿಸುತ್ತ ಬರಲಾಗಿದೆ. ಈ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಮನ್ನಣೆಯಿಲ್ಲ. ಗರ್ಭಾವಧಿ ಸುಮಾರು 11 ತಿಂಗಳು. ಹುಟ್ಟಿದ ಮರಿ ರೇಸಿನ ಅಂಗಳಕ್ಕೆ ಇಳಿಯಲು ಮತ್ತೆ ಎರಡು ವರ್ಷಗಳಾದರೂ ಬೇಕು. ಅಲ್ಲಿಯವರೆಗೆ ಮೇವು, ಆರೈಕೆ, ಔಷಧಿ, ಸಂಬಳ ಎಲ್ಲವೂ ವೆಚ್ಚವೇ. ಆದಾಯ ಮರಿಯ ಮಾರಾಟದಿಂದ ಬರಬೇಕು. ಮರಿಯ ಬೆಲೆಯನ್ನು ಅದರ ಅಣ್ಣ ಅಕ್ಕಂದಿರು ಗೆದ್ದ ಬಹುಮಾನಗಳು ನಿರ್ಧರಿಸುತ್ತವೆ, ಬಹುಮಾನದ ಮೊತ್ತವನ್ನು ಟರ್ಫ್ ಕ್ಲಬ್ಬಿನ ವರಮಾನ ನಿರ್ಧರಿಸುತ್ತದೆ, ಆ ವರಮಾನದ ಬಹುಭಾಗ ಪಣದ ಹಣದಿಂದ ಬರುತ್ತದೆ. ಕುದುರೆ ಪಂದ್ಯವು ಕೇವಲ ಅದೃಷ್ಟದ ಜೂಜಲ್ಲ, ಪ್ರಧಾನವಾಗಿ ಕೌಶಲದ ಆಟ ಎಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಪಿತ್ತುದು ಈ ಉದ್ಯಮಕ್ಕೆ ಕಾನೂನಿನ ಆಧಾರವಾಯಿತು. ಆದರೂ ಪಣದಲ್ಲಿ ಸೋತ ಸಂಸಾರಗಳ ನೋವು ತೀರ್ಪಿನಿಂದ ಅಳಿಯುವಂಥದಲ್ಲವೆಂಬುದನ್ನು ಮರೆಯಲಾಗದು.

ಕಾರ್ಖಾನೆಯ ಕಥೆ

ಮೋಟಾರು ರೇಸಿನ ಇತಿಹಾಸ ಇದಕ್ಕಿಂತ ಬಹಳ ಚಿಕ್ಕದು. ಗ್ರ್ಯಾಂಡ್ ಪ್ರಿ ಎಂಬ ಹೆಸರಿನ ಮೊದಲ ದೊಡ್ಡ ಸ್ಪರ್ಧೆ 1906ರಲ್ಲಿ ಫ್ರಾನ್ಸಿನ ಲೆ ಮಾನ್ ಬಳಿ ನಡೆಯಿತು. ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ 1950ರ ಮೇ 13ರಂದು ಸಿಲ್ವರ್‌ಸ್ಟೋನಿನಲ್ಲಿ ಆರಂಭವಾಯಿತು. ಅಂದು ಗೆದ್ದವನು ಆಲ್ಫಾ ರೋಮಿಯೋ ಕಾರಿನ ಚಾಲಕ, ಇಟಲಿಯ ಜುಸೆಪ್ಪೆ ಫರೀನಾ. ಸಿಲ್ವರ್‌ಸ್ಟೋನ್ ಎರಡನೆಯ ಮಹಾಯುದ್ಧ ಕಾಲದ ವಿಮಾನ ನಿಲ್ದಾಣ. ಮದರಾಸಿನ ಬಳಿಯ ಶೋಲಾವರಂನಲ್ಲಿಯೂ ಯುದ್ಧಕಾಲದ ವಿಮಾನಪಥವೇ ಭಾರತದ ಮೋಟಾರು ರೇಸಿನ ತೊಟ್ಟಿಲಾಯಿತು. ಮಲ್ಯ ಅವರೂ ತಾರುಣ್ಯದಲ್ಲಿ ಅಲ್ಲಿ ಸ್ಪರ್ಧಿಸಿದ್ದರು.

ಆರಂಭದಲ್ಲಿ ಕಾರು ತಯಾರಕರ ಮತ್ತು ಶ್ರೀಮಂತ ಹವ್ಯಾಸಿಗಳ ಆಟವಾಗಿದ್ದ ಇದು 1968ರಲ್ಲಿ ಲೋಟಸ್ ತಂಡವು ಸಿಗರೇಟು ಕಂಪನಿಯೊಂದರ ಬಣ್ಣವನ್ನು ತನ್ನ ಕಾರುಗಳಿಗೆ ಬಳಿದುಕೊಂಡಾಗಿನಿಂದ ಜಾಹೀರಾತಿನ ಆಟವೂ ಆಯಿತು. 1981ರಲ್ಲಿ ಆದ ಕಾನ್‌ಕಾರ್ಡ್ ಒಪ್ಪಂದವು ಆದಾಯದ ಹಂಚಿಕೆಗೆ ಒಂದು ಚೌಕಟ್ಟು ಒದಗಿಸಿತು. ದೂರದರ್ಶನದ ಹಕ್ಕುಗಳನ್ನು ಒಟ್ಟಾಗಿ ಮಾರುವ ಪದ್ಧತಿಯನ್ನು ಬೆಳೆಸಿ ಈ ಕ್ರೀಡೆಯನ್ನು ದೊಡ್ಡ ಉದ್ಯಮವಾಗಿಸಿದವನು ಬರ್ನಿ ಎಕ್ಲ್‌ಸ್ಟನ್. 2017ರ ಜನವರಿಯಲ್ಲಿ ಅಮೆರಿಕದ ಲಿಬರ್ಟಿ ಮೀಡಿಯಾ ಸಂಸ್ಥೆ ಇದರ ವಾಣಿಜ್ಯ ಹಕ್ಕುಗಳನ್ನು ಕೊಂಡಿತು. ಪಂದ್ಯ ನಡೆಸುವ ಊರುಗಳು ಕೊಡುವ ಶುಲ್ಕ, ಪ್ರಸಾರದ ಹಕ್ಕು, ಪ್ರಾಯೋಜಕರ ಹಣ ಇವು ಮೂರು ಮುಖ್ಯ ಆದಾಯಗಳು. ತಂಡಗಳಿಗೆ ಸಲ್ಲುವ ಪಾಲಿನಲ್ಲಿ ಗೆದ್ದವರಿಗೆ ಹೆಚ್ಚು, ಹಳಬರಿಗೆ ವಿಶೇಷ ಭಾಗ. ಹೀಗಾಗಿ ಇದ್ದವರು ಮತ್ತಷ್ಟು ಬಲಗೊಂಡು, ಸಣ್ಣ ತಂಡಗಳು ವರ್ಷ ಕಳೆಯುವುದೇ ಕಷ್ಟವಾಯಿತು.

ಖರ್ಚಿಗೆ ಕಾರಣ ಕಾಲದ ಸೂಕ್ಷ್ಮತೆ. ತುಮಕೂರಿನಲ್ಲಿದ್ದ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆಯಲ್ಲಿ ದುಡಿದವರು ಇದನ್ನು ಸುಲಭವಾಗಿ ಗ್ರಹಿಸಬಲ್ಲರು. ಇಲ್ಲಿ ಸೆಕೆಂಡನ್ನು ಸಾವಿರ ಭಾಗ ಮಾಡಿ ಅಳೆಯುತ್ತಾರೆ. 1997ರಲ್ಲಿ ಸ್ಪೇನಿನ ಹೆರೆಸ್‌ನಲ್ಲಿ ಮೂವರು ಚಾಲಕರು ಒಂದು ಸುತ್ತಿಗೆ ತೆಗೆದುಕೊಂಡ ಕಾಲ ಆ ಅಳತೆಯಲ್ಲಿಯೂ ಒಂದೇ ಆಗಿತ್ತು: 1 ನಿಮಿಷ 21.072 ಸೆಕೆಂಡು. ಅಂಥ ಒಂದು ಸಾವಿರದ ಭಾಗವನ್ನು ಉಳಿಸಲು ನೂರಾರು ಎಂಜಿನಿಯರುಗಳು ವರ್ಷವಿಡೀ ದುಡಿಯುತ್ತಾರೆ. ವೆಚ್ಚ ಮಿತಿಮೀರಿದುದರಿಂದಲೇ 2021ರಲ್ಲಿ ತಂಡವೊಂದರ ವಾರ್ಷಿಕ ವೆಚ್ಚಕ್ಕೆ 14.5 ಕೋಟಿ ಡಾಲರುಗಳ ಮಿತಿ ಹಾಕಲಾಯಿತು. ಚಾಲಕರ ಸಂಬಳ ಆ ಲೆಕ್ಕದ ಹೊರಗೆ.

ಒಡೆಯರು ಬದಲಾದರು

ಇನ್ನು ಕುಣಿಗಲ್ಲಿಗೆ ನಂಟಾದ ತಂಡದ ವಿಚಾರ. 1991ರಲ್ಲಿ ಐರ್ಲೆಂಡಿನ ಎಡ್ಡಿ ಜೋರ್ಡಾನ್ ಸಿಲ್ವರ್‌ಸ್ಟೋನಿನಲ್ಲಿ ಕಟ್ಟಿದ ತಂಡ ಇದರ ಮೂಲ. ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಓಡಿಸಿದುದು ಇದೇ ಜೋರ್ಡಾನ್ ತಂಡದ ಕಾರನ್ನು. ಬಳಿಕ ತಂಡ ಮಿಡ್‌ಲ್ಯಾಂಡ್, ಸ್ಪೈಕರ್ ಎಂದು ಹೆಸರು ಬದಲಿಸಿಕೊಂಡಿತು. 2007ರಲ್ಲಿ ಮಲ್ಯ ಅವರು ಡಚ್ ಉದ್ಯಮಿ ಮೀಷಿಯಲ್ ಮೋಲ್ ಜೊತೆಗೂಡಿ ಅದನ್ನು 8 ಕೋಟಿ 80 ಲಕ್ಷ ಯೂರೋಗಳಿಗೆ ಕೊಂಡರು. 2008ರಿಂದ ಅದು ಫೋರ್ಸ್ ಇಂಡಿಯಾ ಆಯಿತು. 2009ರ ಆಗಸ್ಟ್‌ನಲ್ಲಿ ಬೆಲ್ಜಿಯಂ ಪಂದ್ಯದಲ್ಲಿ ಜಾಂಕಾರ್ಲೋ ಫಿಸಿಕೆಲ್ಲಾ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟು ಎರಡನೆಯವನಾಗಿ ಗುರಿ ಮುಟ್ಟಿದನು. 2011ರಲ್ಲಿ ಸಹಾರಾ ಸಮೂಹವು 10 ಕೋಟಿ ಡಾಲರ್ ಹೂಡಿ ಶೇ. 42.5ರಷ್ಟು ಪಾಲು ಪಡೆಯಿತು. ಅದೇ ವರ್ಷ ಅಕ್ಟೋಬರ್ 30ರಂದು ಗ್ರೇಟರ್ ನೋಯ್ಡಾದಲ್ಲಿ ಭಾರತದ ಮೊದಲ ಗ್ರ್ಯಾಂಡ್ ಪ್ರಿ ನಡೆಯಿತು. ಆದರೆ ತೆರಿಗೆಯ ತಕರಾರುಗಳ ನಡುವೆ 2013ರ ನಂತರ ಅದು ನಿಂತುಹೋಯಿತು.

2016 ಮತ್ತು 2017ರಲ್ಲಿ ಈ ಸಣ್ಣ ತಂಡ ಸತತವಾಗಿ ನಾಲ್ಕನೆಯ ಸ್ಥಾನ ಗಳಿಸಿತು. ವಿಚಿತ್ರವೆಂದರೆ ಒಡೆಯರ ಸ್ಥಿತಿ ಅಷ್ಟರಲ್ಲಿ ತಲೆಕೆಳಗಾಗಿತ್ತು. ಮಲ್ಯ ಅವರ ಕಿಂಗ್‌ಫಿಷರ್ ವಿಮಾನಗಳು 2012ರಲ್ಲೇ ನೆಲಕಚ್ಚಿದ್ದವು. 2016ರ ಮಾರ್ಚ್‌ನಲ್ಲಿ ಅವರು ದೇಶ ಬಿಟ್ಟರು. 2018ರ ಜುಲೈನಲ್ಲಿ, ಬಾಕಿ ಹಣ ಬರಬೇಕಾಗಿದ್ದ ಚಾಲಕ ಸೆರ್ಜಿಯೋ ಪೆರೆಜ್‌ನ ಅರ್ಜಿಯ ಮೇಲೆ ತಂಡವು ಲಂಡನ್ನಿನ ನ್ಯಾಯಾಲಯದ ಮೂಲಕ ಆಡಳಿತಾಧಿಕಾರಿಗಳ ಕೈಸೇರಿತು. ತಂಡ ಮುಚ್ಚಿಹೋಗದಂತೆ ತಡೆಯುವುದೇ ಆ ಅರ್ಜಿಯ ಉದ್ದೇಶವಾಗಿತ್ತು. ಕೆನಡಾದ ಲಾರೆನ್ಸ್ ಸ್ಟ್ರೋಲ್ ಅವರ ಕೂಟ ಅದನ್ನು ಕೊಂಡುದರಿಂದ ನಾನ್ನೂರಕ್ಕೂ ಹೆಚ್ಚು ಮಂದಿಯ ಕೆಲಸ ಉಳಿಯಿತು. ಗಳಿಸಿದ್ದ ಅಂಕಗಳು ರದ್ದಾದರೂ ತಂಡ ಉಳಿದ ಪಂದ್ಯಗಳಲ್ಲೇ ಆಡಿ ಏಳನೆಯ ಸ್ಥಾನ ಪಡೆಯಿತು. ರೇಸಿಂಗ್ ಪಾಯಿಂಟ್ ಎಂಬ ಹೊಸ ಹೆಸರಿನಲ್ಲಿ 2020ರ ಡಿಸೆಂಬರಿನಲ್ಲಿ ಅದೇ ಪೆರೆಜ್ ಬಹ್ರೇನಿನಲ್ಲಿ ಗೆದ್ದನು. ಅದು 2003ರ ನಂತರ ಆ ಕಾರ್ಖಾನೆಗೆ ದೊರೆತ ಮೊದಲ ಗೆಲುವು. 2021ರಿಂದ ತಂಡದ ಹೆಸರು ಆಸ್ಟನ್ ಮಾರ್ಟಿನ್.

ಉಳಿದುದೇನು?

ಒಡೆಯರು ಐದು ಬಾರಿಯಾದರೂ ಹೆಸರು ಬದಲಿಸಿದ ಈ ತಂಡದಲ್ಲಿ ಕಾರನ್ನು ಕಟ್ಟುವ ಕೈಗಳ ಪರಂಪರೆ ಕಡಿಯಲಿಲ್ಲ. ಗುಬ್ಬಿಯ ಜನರಿಗೆ ಈ ಮಾತು ಹೊಸದಲ್ಲ. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವು ಪರದೆ, ದೀಪ, ವೇಷಭೂಷಣಗಳನ್ನು ಹೊತ್ತು ಊರೂರಿನಲ್ಲಿ ಕ್ಯಾಂಪು ಮಾಡುತ್ತ, ಸಾಲ ಸೋಲಗಳ ನಡುವೆ ದಶಕಗಟ್ಟಲೆ ಬಾಳಿತು. ಗುಬ್ಬಿ ವೀರಣ್ಣನವರ ಪ್ರತಿಭೆ ಎಷ್ಟು ದೊಡ್ಡದಾದರೂ, ಪರದೆ ಬರೆದವರು, ಹಾರ್ಮೋನಿಯಂ ನುಡಿಸಿದವರು, ಪಾತ್ರ ಕಲಿಸಿದವರು ತಮ್ಮ ವಿದ್ಯೆಯನ್ನು ಮುಂದಿನವರಿಗೆ ದಾಟಿಸದಿದ್ದರೆ ಕಂಪನಿ ಅಷ್ಟು ಕಾಲ ನಿಲ್ಲುತ್ತಿರಲಿಲ್ಲ. ಫಾರ್ಮುಲಾ ಒನ್ ತಂಡವೂ ಒಂದು ಬಗೆಯ ಕ್ಯಾಂಪು ಕಂಪನಿಯೇ ಸರಿ.

ಇದೇ ಅಳತೆಯಿಂದ ಕುಣಿಗಲ್ಲನ್ನು ನೋಡಬೇಕು. ಸುಲ್ತಾನ, ಕಂಪನಿ ಸರ್ಕಾರ, ಮೈಸೂರು ಸಂಸ್ಥಾನ, ರಾಜ್ಯ ಸರ್ಕಾರ, ಗುತ್ತಿಗೆದಾರ ಎಂದು ಒಡೆತನ ಕೈಯಿಂದ ಕೈಗೆ ದಾಟಿತು. 30 ವರ್ಷಗಳ ಗುತ್ತಿಗೆ 2022ರಲ್ಲಿ ಮುಗಿದ ಮೇಲೆ ಆ ನೆಲದಲ್ಲಿ ಹೊಸ ಪಟ್ಟಣ ನಿರ್ಮಿಸುವ ಪ್ರಸ್ತಾವವೂ ಮುಂದೆ ಬಂದಿತು. ಬೆಂಗಳೂರಿಗೆ ಸಮೀಪವಾದ ನಾನ್ನೂರು ಎಕರೆಗೆ ಬೆಲೆ ಕಟ್ಟುವುದು ಸುಲಭ. ಮನೆಗಳ ಅಗತ್ಯವೂ ನಿಜವೇ. ಆದರೆ ಈಯುವ ಕುದುರೆಯ ಬಳಿ ರಾತ್ರಿಯಿಡೀ ಎಚ್ಚರವಿರುವವನ, ಮರಿಯ ನಡಿಗೆ ನೋಡಿ ಕಾಲಿನ ದೋಷ ಹೇಳಬಲ್ಲವನ, ಲಾಳ ಕಟ್ಟುವವನ ವಿದ್ಯೆಗೆ ಯಾವ ಕ್ರಯಪತ್ರದಲ್ಲಿಯೂ ಬೆಲೆ ಬರೆಯುವುದಿಲ್ಲ. ಸಿಲ್ವರ್‌ಸ್ಟೋನಿನಲ್ಲಿ ಹೊಸ ಒಡೆಯರು ಬಂದರೂ ಕೆಲಸಗಾರರು ಅದೇ ಸ್ಥಳದಲ್ಲಿ ಉಳಿದುದರಿಂದಲೇ ವಿದ್ಯೆ ಉಳಿಯಿತು. ಲಾಯವನ್ನು ತೆಗೆದರೆ ಅಲ್ಲಿ ದುಡಿದವರು ಚದುರಿಹೋಗುತ್ತಾರೆ, ಚದುರಿದ ವಿದ್ಯೆಯನ್ನು ಮತ್ತೆ ಕೂಡಿಸುವುದು ಯಾವ ಸಿರಿವಂತನಿಂದಲೂ ಆಗದು.

ದಾನಿಗಳ ಔದಾರ್ಯವಿಲ್ಲದೆ ದೊಡ್ಡ ಸಂಸ್ಥೆಗಳು ಹುಟ್ಟುವುದಿಲ್ಲವೆಂಬುದು ದಿಟ. ಆದರೆ ಒಬ್ಬ ಪೋಷಕನ ಸಂಪತ್ತಿಗೆ ಸಂಸ್ಥೆಯ ಉಸಿರನ್ನು ಕಟ್ಟಿಹಾಕಿದರೆ ಅವನ ಏಳುಬೀಳುಗಳೆಲ್ಲ ಸಂಸ್ಥೆಯವೂ ಆಗುತ್ತವೆ. ಕಲಿತವರು ಮತ್ತೊಬ್ಬರಿಗೆ ಕಲಿಸುತ್ತಿರುವಂತೆ ನೋಡಿಕೊಳ್ಳುವುದೇ ಪೋಷಣೆಯ ಪರಮ ಪ್ರಯೋಜನವೆಂಬುದನ್ನು ಕುದುರೆಯ ಲಾಯವೂ ಕಾರಿನ ಕಾರ್ಖಾನೆಯೂ ಒಂದೇ ಬಗೆಯಾಗಿ ತಿಳಿಸುತ್ತವೆ.