ಮುಂಗುಸಿ ಕಲಿಸುವ ಪಾಠ

ಕಿಪ್ಲಿಂಗ್ 1894ರ ‘ದಿ ಜಂಗಲ್ ಬುಕ್’ನಲ್ಲಿ ಬರೆದ ‘ರಿಕ್ಕಿ-ಟಿಕ್ಕಿ-ಟಾವಿ’ಯ ಚಿತ್ರಪುಸ್ತಕವನ್ನು ನಮ್ಮ ಮಕ್ಕಳಲ್ಲಿ ಅನೇಕರು ಓದಿರಬಹುದು. ಪುಟ್ಟ ಮುಂಗುಸಿಯೊಂದು ತನ್ನನ್ನು ಸಾಕಿದ ಮನೆಯವರನ್ನು ನಾಗರಹಾವುಗಳಿಂದ ಕಾಪಾಡಿ ಎಲ್ಲರ ಮೆಚ್ಚುಗೆ ಗಳಿಸುತ್ತದೆ.

ಪಂಚತಂತ್ರದ ಮುಂಗುಸಿಗೆ ಆ ಭಾಗ್ಯವಿಲ್ಲ. ತಾಯಿ ನೀರಿಗೆ ಹೋದಾಗ, ತೊಟ್ಟಿಲ ಬಳಿ ಬಂದ ಹಾವನ್ನು ಅದು ಕೊಂದು, ಸಂತೋಷದಿಂದ ಬಾಗಿಲಿಗೆ ಓಡಿಬರುತ್ತದೆ. ಅದರ ಬಾಯಿಯ ರಕ್ತ ಕಂಡ ತಾಯಿ, ಮಗುವನ್ನೇ ಕೊಂದಿತೆಂದು ತಿಳಿದು ಕೊಡವನ್ನು ಅದರ ಮೇಲೆ ಎತ್ತಿಹಾಕುತ್ತಾಳೆ. ಒಳಗೆ ಹೋದರೆ ಮಗು ಆಡುತ್ತಿದೆ. ಪಕ್ಕದಲ್ಲಿ ಹಾವು ಸತ್ತು ಬಿದ್ದಿದೆ.

ಪಂಚತಂತ್ರವನ್ನು 11ನೇ ಶತಮಾನದಲ್ಲಿ ದುರ್ಗಸಿಂಹನು ಕನ್ನಡಕ್ಕೆ ತಂದನು. ಅದಕ್ಕೂ ಮೊದಲೇ, 8ನೇ ಶತಮಾನದಲ್ಲಿ, ಇಬ್ನ್ ಅಲ್-ಮುಕಫ್ಫಾ ಅರಬ್ಬಿಗೆ ತಂದ ‘ಕಲೀಲಾ ವ ದಿಮ್ನಾ’ದಲ್ಲಿ ಈ ಕಥೆ ಸೇರಿತ್ತು. ಅಲ್ಲಿ ಮುಂಗುಸಿಯ ಜಾಗದಲ್ಲಿ ಅದನ್ನೇ ಹೋಲುವ ‘ಇಬ್ನ್ ಇರ್ಸ್’ ಎಂಬ ಪ್ರಾಣಿಯಿದೆ. ನಾವು ಅನ್ನ ಕಂಡುಕೊಂಡ ನಾಡಿನ ಭಾಷೆಗೆ ನಮ್ಮ ಕಥೆ ನಮಗಿಂತ ಮೊದಲೇ ಬಂದಿದೆ!

ಎರಡೂ ಮುಂಗುಸಿಗಳ ಧೈರ್ಯ ಒಂದೇ, ವ್ಯತ್ಯಾಸ ಮನೆಯವರದು. ರಕ್ತ ಕಂಡದ್ದು ನಿಜ, ಅದರಿಂದ ಮಾಡಿದ ಊಹೆ ಸುಳ್ಳು. ತೊಟ್ಟಿಲ ಕಡೆ ಒಮ್ಮೆ ನೋಡಿದ್ದರೆ ಸಾಕಿತ್ತು. ದುಬೈ, ಅಬುಧಾಬಿಯ ನಮ್ಮ ಮನೆಗಳಲ್ಲೂ ಮಕ್ಕಳನ್ನು ಕಾಯುವವರು, ಅಡಿಗೆಯವರು, ಚಾಲಕರು ಇದ್ದಾರೆ. ಒಂದು ವಸ್ತು ಕಾಣೆಯಾದಾಗ ನಮ್ಮ ಅನುಮಾನ ಮೊದಲು ಅವರತ್ತ ಹೋಗುತ್ತದೆ. ನಮ್ಮ ಒಂದು ದುಡುಕಿನ ಮಾತಿಗೆ ಅವರ ಕೆಲಸ ಹೋದರೆ, ಊರಿನಲ್ಲಿ ಅವರನ್ನೇ ನಂಬಿದ ಸಂಸಾರ ಬೀದಿಗೆ ಬೀಳುತ್ತದೆ. ವಸ್ತು ಆಮೇಲೆ ಸಿಗಬಹುದು. ಒಡೆದ ನಂಬಿಕೆ ಸಿಗದು.

ಮಕ್ಕಳೊಡನೆ ಚರ್ಚಿಸಲು:
1. ತಾಯಿ ಕಣ್ಣಾರೆ ಕಂಡದ್ದೇನು? ಊಹಿಸಿದ್ದೇನು?
2. ಕೊಡ ಎತ್ತುವ ಮೊದಲು ಆಕೆ ಏನು ಮಾಡಬೇಕಿತ್ತು?